ಭೂಕಂಪಶಾಸ್ತ್ರಜ್ಞ ಜಾನ್ ಮಿಲ್ನ್

ಭೂಕಂಪಗಳಲ್ಲಿ ಸತ್ತವರೊಳಗೆ ಬಹುಮಂದಿ ತಮ್ಮ ಸ್ವಂತ ಮನೆಯ ಗೋಡೆ ಮಾಡುಗಳ ಕೆಳಗೆ ಸಿಕ್ಕಿಯೇ ಸತ್ತವರೆಂಬುದು ಎಲ್ಲರೂ ಬಲ್ಲ ಮಾತು. ಆದರೆ ನೆಲವು ಎಷ್ಟು ಅಲುಗಿತು, ಯಾವ ದಿಕ್ಕಿಗೆ ಅಲುಗಿತು, ಎಂಥ ಗೋಡೆಯು ಎಷ್ಟು ಅಲುಗಾಟಕ್ಕೆ ಬಿರಿಯುವುದು ಎಂಬುದನ್ನು ಅಳೆದು ತಿಳಿಯುವ ಶಾಸ್ತ್ರವು ಬಹು ಹಳೆಯದೇನೂ ಅಲ್ಲ. ಅದಕ್ಕೆ ಅಸ್ತಿಭಾರ ಹಾಕಿದವರಲ್ಲಿ ಅಗ್ರಗಣ್ಯರಾದ ಜಾನ್ ಮಿಲ್ನ್ ಮಹಾಶಯರ ಜೀವನವೃತ್ತಾಂತವನ್ನು ನಮ್ಮ ವಾಚಕರ ಮುಂದಿಡುತ್ತೇವೆ.

ಮಿಲ್ನರು 1850ನೆಯ ಇಸವಿ ಡಿಸೆಂಬರ್ 30ರಂದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜನಿಸಿದರು. ಲಂಡನ್ನಿನಲ್ಲಿ ಗಣಿಗಾರಿಕೆಯ ವಿದ್ಯೆಯನ್ನು ಕಲಿತರು. ಆ ಕಾಲದಲ್ಲಿ ಜಪಾನವು ಪಾಶ್ಚಾತ್ಯ ವಿದ್ಯೆಗಳನ್ನು ತನ್ನದಾಗಿ ಮಾಡಿಕೊಳ್ಳಬೇಕೆಂದು ಹಟತೊಟ್ಟು, ಪರದೇಶದ ಪಂಡಿತರನ್ನು ಸಂಬಳ ಕೊಟ್ಟು ಕರೆಯಿಸುತ್ತಿದ್ದಿತು. ತನ್ನ ತರುಣರು ಕಲಿತುಕೊಳ್ಳುವವರೆಗೆ ಮಾತ್ರ ಅವರನ್ನು ಇಟ್ಟುಕೊಳ್ಳುವುದೆಂಬುದು ಅದರ ಧೋರಣೆ. ಹಾಗೆ ಟೋಕಿಯೋದ ಎಂಜಿನಿಯರಿಂಗ್ ಕಾಲೇಜಿಗೆ ಕರೆಬಂದಾಗ ಮಿಲ್ನರು ಸಮುದ್ರಯಾನವನ್ನು ಒಲ್ಲದೆ, ಸೈಬೀರಿಯದ ಮೇಲಿಂದ ನೆಲದ ಹಾದಿಯನ್ನೇ ಹಿಡಿದರು. ತಿಂಗಳುಗಟ್ಟಲೆ ಪ್ರಯಾಣ ಮಾಡಿ 1876ರ ಮಾರ್ಚಿಯಲ್ಲಿ ಅವರು ಟೋಕಿಯೋ ತಲುಪಿದ ಮೊದಲ ರಾತ್ರಿಯೇ ಭೂಮಿಯು ನಡುಗಿತೆಂದು ಹೇಳುವುದುಂಟು.

1880ರ ಫೆಬ್ರವರಿ 22ರಂದು ಯೊಕೊಹಾಮಾದಲ್ಲಿ ಸಂಭವಿಸಿದ ಕಂಪವು ಅನೇಕ ಹೊಗೆಗೂಡುಗಳನ್ನು ಕೆಡವಿತು. ಮಿಲ್ನರ ಪ್ರಯತ್ನದಿಂದ ಅದೇ ವರ್ಷ ಜಪಾನದ ಭೂಕಂಪಸಂಘವು ಸ್ಥಾಪಿತವಾಯಿತು. ಯೂಯಿಂಗ್, ಗ್ರೇ ಎಂಬ ಸಹೋದ್ಯೋಗಿಗಳೊಡನೆ ಕೂಡಿ ಅವರು ಕಂಪನಲೇಖಕ ಯಂತ್ರಗಳನ್ನು ನಿರ್ಮಿಸಿದರು. ನೆಲವು ಸರಿದರೂ ತೂಗುಬಿಟ್ಟ ಭಾರವು ಕ್ಷಣಕಾಲ ಇದ್ದಲ್ಲಿಯೇ ಇರುವುದು. ಈ ವ್ಯತ್ಯಾಸವನ್ನು ಮಸಿ ಹಿಡಿಸಿದ ಗಾಜಿನ ಮೇಲೆ ಮೊನೆಯೊಂದು ಗೀರುವಂತೆ ಮಾಡುವುದೇ ಅದರ ಯುಕ್ತಿ.

ಯಂತ್ರಗಳು ಸಾಲದಾದಲ್ಲಿ ಅವರು ಅಂಚೆಯ ಕಾರ್ಡುಗಳನ್ನು ನೆಚ್ಚಿದರು. ಊರೂರಿನ ಅಧಿಕಾರಿಗಳಿಗೆ ಕಾರ್ಡಿನ ಕಟ್ಟುಗಳನ್ನು ಕಳುಹಿಸಿ, ವಾರವಾರವೂ ಅನುಭವಕ್ಕೆ ಬಂದ ಕಂಪಗಳನ್ನು ಬರೆದು ತಿಳಿಸಬೇಕೆಂದು ಕೇಳಿಕೊಂಡರು. ಇಂಥ ವರದಿಗಳಿಂದ ಕಾಲಕ್ರಮದಲ್ಲಿ 8,331 ಭೂಕಂಪಗಳ ಪಟ್ಟಿಯೇ ಸಿದ್ಧವಾಯಿತು. ಜ್ವಾಲಾಮುಖಿಗಳ ಗರ್ಭದಲ್ಲಿ ಉಗಿಯು ಸಿಡಿಯುವುದರಿಂದ ಭೂಕಂಪವಾಗುವುದೆಂಬ ಅಂದಿನ ಅಭಿಪ್ರಾಯಕ್ಕೆ ಮೊದಮೊದಲು ಅವರೂ ಮನಸೋತಿದ್ದರು. ಆದರೆ ಜ್ವಾಲಾಮುಖಿಗಳು ಕಿಕ್ಕಿರಿದ ನಡುನಾಡಿನಲ್ಲಿ ಕಂಪಗಳು ವಿರಳ, ಶಾಂತಸಾಗರದ ಕಡೆಯಲ್ಲಿ ಹೇರಳವೆಂದು ಅವರ ಪಟ್ಟಿಯೇ ಸಾರಿತು. ಸಾಗರತಳದ ಶಿಲಾಫಲಕವು ಜಪಾನದ ಕೆಳಗೆ ನುಗ್ಗುತ್ತಿರುವುದೇ ಇದಕ್ಕೆ ಕಾರಣವೆಂಬುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಥಿರಪಟ್ಟಿತು.

ಕಟ್ಟಡಗಳ ವಿಷಯದಲ್ಲಿ ಮಿಲ್ನರು ನಡೆಸಿದ ಒಂದು ಪ್ರಯೋಗವು ವಿನೋದವಾಗಿ ಕಂಡರೂ ದೂರದೃಷ್ಟಿಯುಳ್ಳದ್ದು. ಒಂದು ಸಣ್ಣ ಮರದ ಮನೆಯನ್ನು ಕಟ್ಟಿಸಿ, ಅದನ್ನು ಕಬ್ಬಿಣದ ಗುಂಡುಗಳ ಮೇಲೆ ಕೂರಿಸಿದರು. ನೆಲವು ಜಾರಿದರೂ ಮನೆಯು ತಟಸ್ಥವಾಗಿರಲೆಂಬುದು ಉದ್ದೇಶ. ಹತ್ತು ಅಂಗುಲದ ಗುಂಡುಗಳನ್ನಿಟ್ಟಾಗ ಗಾಳಿ ಬೀಸಿದರೂ ಮನೆಯು ಓಲಾಡತೊಡಗಿತು! ಗುಂಡುಗಳನ್ನು ಕಿರಿದು ಮಾಡುತ್ತ ಕಡೆಗೆ ಕಾಲಂಗುಲದ ಚರೆಗಳಿಗೆ ಇಳಿದಾಗ ಮನೆಯು ಗಾಳಿಗೆ ನಿಂತಿತು, ಕಂಪವೂ ತಗ್ಗಿತು. ಈಗ ಆಸ್ಪತ್ರೆ ಮೊದಲಾದ ಕಟ್ಟಡಗಳ ಬುಡದಲ್ಲಿ ರಬ್ಬರು ಉಕ್ಕುಗಳ ಮೆತ್ತೆಗಳನ್ನಿಡುವ ವಿಧಾನಕ್ಕೆ ಇದನ್ನು ಪೂರ್ವಜನೆನ್ನಬಹುದು.

1891ರ ಅಕ್ಟೋಬರ್ 28ರ ಬೆಳಗ್ಗೆ ಮಿನೊ ಮತ್ತು ಓವಾರಿ ಪ್ರಾಂತಗಳು ನಡುಗಿದವು. 7,000ಕ್ಕೂ ಮಿಕ್ಕಿ ಜನರು ಮೃತರಾದರು. ಲಕ್ಷಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ನಿಯೋ ಕಣಿವೆಯಲ್ಲಿ ಭೂಮಿಯು ಸೀಳಿ, ಒಂದೆಡೆ ಆರು ಮೀಟರಿನಷ್ಟು ಏರುತಗ್ಗಾಯಿತು. ಈ ಸೀಳೇ ಕಂಪಕ್ಕೆ ಕಾರಣವೆಂದು ಜಪಾನದ ಪಂಡಿತ ಕೋಟೊ ಅವರು ಸಾಧಿಸಿದರು. ಸ್ಥಳವನ್ನು ಕಣ್ಣಾರೆ ನೋಡಿದ ಮಿಲ್ನರಿಗೆ ಕಂಡುದೇನು? ಪ್ರಗತಿಯ ಚಿಹ್ನೆಗಳೆಂದು ಪಾಶ್ಚಾತ್ಯ ರೀತಿಯಲ್ಲಿ ಕಟ್ಟಿದ್ದ ಇಟ್ಟಿಗೆಯ ಗಿರಣಿ, ಕಚೇರಿಗಳು ಉದುರಿಬಿದ್ದಿದ್ದವು. ನಾಗಾರಾ ನದಿಯ ರೈಲು ಸೇತುವೆಯು ಮುರಿದಿತ್ತು. ನಾಗೋಯಾದ ಪುರಾತನ ಕೋಟೆಯ ಮರದ ಗೋಪುರವು ನಿಂತೇ ಇತ್ತು. ಪರದೇಶದ ಕಟ್ಟಡಕ್ರಮವನ್ನು ನಮ್ಮ ನೆಲವು ಒಪ್ಪುವುದೇ ಎಂದು ಕೇಳದೆ ತಂದುಕೊಂಡವರಿಗೆ ಇದು ಕಠಿಣವಾದ ಪಾಠ. ಹಾಗೆಂದು ಹಳೆಯದೆಲ್ಲ ಭದ್ರವೆಂದೂ ಅಲ್ಲ. ಭಾರವಾದ ಹೆಂಚಿನ ಮಾಡುಳ್ಳ ಮರದ ಮನೆಗಳೂ ಸಾವಿರಗಟ್ಟಲೆ ಕುಸಿದಿದ್ದವು. ನಮ್ಮ ಗಡಿಗೆ ಸಮೀಪದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರಂದು ಮಣ್ಣಿನಲ್ಲಿ ಕೂರಿಸಿದ ಕಲ್ಲುಗೋಡೆಗಳೂ ದಪ್ಪನೆಯ ಮಣ್ಣಿನ ಮಾಳಿಗೆಗಳೂ ನಿದ್ರಿಸುತ್ತಿದ್ದವರ ಮೇಲೆ ಬಿದ್ದುದನ್ನು ಮರೆಯಲಾದೀತೇ?

ಮರುವರ್ಷವೇ ಸರ್ಕಾರವು ಭೂಕಂಪ ಪರಿಶೋಧನ ಸಮಿತಿಯನ್ನು ನೇಮಿಸಿತು. ಮಿಲ್ನರು ತರುಣ ವಿದ್ವಾಂಸ ಓಮೋರಿಯವರೊಡನೆ ಇಟ್ಟಿಗೆಯ ಕಂಬಗಳನ್ನು ಅಲುಗುವ ವೇದಿಕೆಯ ಮೇಲೆ ನಿಲ್ಲಿಸಿ, ಅವು ಮುರಿಯುವವರೆಗೆ ಕುಲುಕಿ ಲೆಕ್ಕವಿಟ್ಟರು. ಮೇಲಣ ತೂಕವು ಹೆಚ್ಚಿದಷ್ಟೂ ಬುಡವು ಬೇಗ ಬಿರಿಯುವುದು. ಆದುದರಿಂದ ಮಾಡು ಹಗುರವಾಗಿರಬೇಕು, ಗೋಡೆಯ ಬುಡವು ದಪ್ಪವಾಗಿರಬೇಕು, ಗಾರೆಯು ಗಟ್ಟಿಯಾಗಿರಬೇಕು, ಜೌಗುನೆಲವನ್ನು ವರ್ಜಿಸಬೇಕು ಎಂದು ಅವರು ವಿಧಿಸಿದರು.

1895ರ ಫೆಬ್ರವರಿಯಲ್ಲಿ ಅವರ ಮನೆ, ಯಂತ್ರಶಾಲೆ, ಗ್ರಂಥಭಂಡಾರಗಳು ಬೆಂಕಿಗೆ ಆಹುತಿಯಾದವು. ಇಪ್ಪತ್ತು ವರ್ಷಗಳ ಸಂಗ್ರಹವು ಬೂದಿಯಾದರೂ ಅವರು ಧೃತಿಗೆಡಲಿಲ್ಲ. ಚಕ್ರವರ್ತಿಯಿಂದ ಪದವಿ, ವಿಶ್ರಾಂತಿವೇತನಗಳನ್ನು ಪಡೆದು, ಹಾಕೊದಾತೆಯ ಮಠಾಧಿಪತಿಯ ಪುತ್ರಿಯಾದ ಪತ್ನಿ ತೋನೆಯವರೊಡನೆ ಸ್ವದೇಶಕ್ಕೆ ಮರಳಿದರು. ವೈಟ್ ದ್ವೀಪದ ಶೈಡ್ ಗ್ರಾಮದಲ್ಲಿ ಕುಳಿತು, ಖಂಡಖಂಡಗಳಲ್ಲಿ ತಮ್ಮ ಯಂತ್ರಗಳನ್ನು ಇಡಿಸಿ ವರದಿಗಳನ್ನು ತರಿಸಿಕೊಂಡರು. ನಮ್ಮ ದೇಶದ ಕೊಲಾಬಾ, ಆಲಿಪುರ, ಕೊಡೈಕನಾಲುಗಳಲ್ಲಿಯೂ ಅವು ಸ್ಥಾಪಿತವಾದವು. 1913ರ ಜುಲೈ 31ರಂದು ಮಿಲ್ನರು ಮೂತ್ರಪಿಂಡದ ರೋಗದಿಂದ ದಿವಂಗತರಾದರು. ತೋನೆಯವರು ಕೆಲವು ವರ್ಷ ಶೈಡಿನಲ್ಲಿಯೇ ಇದ್ದು, ತರುವಾಯ ಜಪಾನಕ್ಕೆ ಹಿಂದಿರುಗಿದರು.