ಹಾಲ್ಡೇನ್ ಹಾಕಿದ ಲೆಕ್ಕ

ಒಂದೇ ಊರು, ಅದೇ ಸೊಳ್ಳೆ. ಮಲೇರಿಯಾ ಒಬ್ಬರಿಗೆ ನಾಲ್ಕು ದಿನ ಚಳಿಜ್ವರ ಬಂದು ಬಿಟ್ಟುಹೋಗುತ್ತೆ, ಇನ್ನೊಬ್ಬರಿಗೆ ಮಿದುಳಿಗೇ ಏರುತ್ತೆ. ಇದರಲ್ಲಿ ರಕ್ತದ ಪಾಲೂ ಇದೆ ಎಂದು ಮೊದಲು ಊಹಿಸಿದವರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಮುಖ್ಯರು. ಹುಟ್ಟಿದ್ದು 1892ರಲ್ಲಿ, ಆಕ್ಸ್‌ಫರ್ಡಿನಲ್ಲಿ. ಓದಿದ್ದು ಗಣಿತ, ಆಮೇಲೆ ಗ್ರೀಕ್-ಲ್ಯಾಟಿನ್. ವಿಜ್ಞಾನದ ಡಿಗ್ರಿನೇ ಇರಲಿಲ್ಲ! ಬ್ರ್ಯಾಂಚ್ ಸಿಗಲಿಲ್ಲ ಅಂತ ಕೊರಗೋ ನಾವು ಇದನ್ನ ನೆನಪಿಡಬಹುದು.

ಅವರನ್ನ ಕಾಡಿದ್ದು ಥಲಸೇಮಿಯಾ. ತಂದೆ-ತಾಯಿ ಇಬ್ಬರಿಂದಲೂ ಆ ಜೀನ್ ಪಡೆದ ಮಕ್ಕಳು ಆಗೆಲ್ಲ ಚಿಕ್ಕವರಿದ್ದಾಗಲೇ ಸಾಯುತ್ತಿದ್ದರು. ಅಂದಮೇಲೆ ತಲೆಮಾರು ಕಳೆದಂತೆ ಜೀನ್ ಸವೆದುಹೋಗಬೇಕಲ್ವಾ? ಮೆಡಿಟರೇನಿಯನ್ ಸೀಮೆಯಲ್ಲಿ ಅದು ಸವೆದಿರಲಿಲ್ಲ. ಹೊಸ ಮ್ಯುಟೇಶನ್‌ಗಳು ನಷ್ಟ ತುಂಬುತ್ತಿವೆ ಎಂದರು ಕೆಲವರು. ಅದಕ್ಕೆ ಬೇಕಾದ ದರ ಹಾಲ್ಡೇನ್‌ಗೆ ವಿಪರೀತ ಅನ್ನಿಸಿತು. 1948ರಲ್ಲಿ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಬೇರೆ ದಾರಿ ತೋರಿಸಿದರು: ಒಬ್ಬರಿಂದ ಮಾತ್ರ ಜೀನ್ ಪಡೆದವರು ಮಲೇರಿಯಾವನ್ನ ಹೆಚ್ಚು ತಡೆದುಕೊಳ್ಳುತ್ತಿರಬಹುದು. ಅಲ್ಲಿ ಕಳೆದದ್ದು ಇಲ್ಲಿ ಕೂಡಿತು, ಲೆಕ್ಕ ಸರಿಹೋಯ್ತು. 1954ರಲ್ಲಿ ಆಂಥೊನಿ ಆ್ಯಲಿಸನ್ ಪೂರ್ವ ಆಫ್ರಿಕಾದಲ್ಲಿ ಸಿಕಲ್ ಸೆಲ್ ಜೀನ್ ಕೂಡ ಹಾಗೇ ಕಾಯುತ್ತೆ ಅಂತ ತೋರಿಸಿದರು.

1957ರಲ್ಲಿ ಹಾಲ್ಡೇನ್ ಭಾರತಕ್ಕೇ ಬಂದುಬಿಟ್ಟರು. ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಕೆಲಸ. ಕುರ್ತಾ ತೊಟ್ಟರು, ಇಲ್ಲಿನ ಪ್ರಜೆಯೂ ಆದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ದೇಹವನ್ನ ಅವರ ಇಚ್ಛೆಯಂತೆ ಕಾಕಿನಾಡದ ಮೆಡಿಕಲ್ ಕಾಲೇಜಿಗೆ ಕೊಟ್ಟರು.

ಅವರ ಲೆಕ್ಕ ನಮ್ಮ ಪಕ್ಕದಲ್ಲೇ ಇದೆ. ಗುಡಿ ನೋಡೋಕೆ ನಾವು ಹೋಗೋ ಸೋಮನಾಥಪುರದಿಂದ ಆಗ್ನೇಯಕ್ಕೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿನ ಸೋಲಿಗರಲ್ಲೂ ಹೆಗ್ಗಡದೇವನಕೋಟೆ ಕಡೆಯ ಜೇನುಕುರುಬರಲ್ಲೂ ಸಿಕಲ್ ಸೆಲ್ ಇದೆ. ಒಂದು ಜೀನ್ ಇದ್ದವರು ಸಾಮಾನ್ಯವಾಗಿ ಗಟ್ಟಿಯಾಗೇ ಇರ್ತಾರೆ, ಎಷ್ಟೋ ಜನರಿಗೆ ಗೊತ್ತೂ ಇರಲ್ಲ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ರೋಗ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ಕೆಂಪು ರಕ್ತಕಣಗಳು ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಮಗು ನೋವಿಂದ ಒದ್ದಾಡುತ್ತೆ. ಮಲೇರಿಯಾ ಕಮ್ಮಿಯಾದ ತಕ್ಷಣ ಜೀನ್ ಹೋಗಲ್ಲ, ಅದಕ್ಕೆ ಬಹಳ ತಲೆಮಾರು ಬೇಕು. ಅಲ್ಲಿವರೆಗೆ ಸುಮ್ಮನೆ ಕೂರೋಕಾಗಲ್ಲ. 2023ರಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ ಬುಡಕಟ್ಟು ಪ್ರದೇಶಗಳಲ್ಲಿ ರಕ್ತಪರೀಕ್ಷೆ ಮಾಡಿ, ಯಾರ ಹತ್ರ ಎಷ್ಟು ಜೀನ್ ಇದೆ ಅಂತ ಕಾರ್ಡ್ ಬರೆದುಕೊಡುತ್ತಿದೆ.