ಜೇನ್ ಆಸ್ಟೆನ್ ತಿದ್ದಿದ ಹಾಳೆಗಳು

ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ಸ್ಟೀವೆಂಟನ್ ಎಂಬ ಹಳ್ಳಿಯ ಪಾದ್ರಿ ಜಾರ್ಜ್ ಆಸ್ಟೆನ್ನರು 1797ರ ನವೆಂಬರ್ 1ರಂದು ಲಂಡನ್ನಿನ ಕ್ಯಾಡೆಲ್ ಎಂಬ ಪ್ರಕಾಶಕನಿಗೆ ಪತ್ರವೊಂದನ್ನು ಬರೆದರು. ತಮ್ಮಲ್ಲಿ ಮೂರು ಸಂಪುಟಗಳ ಕಾದಂಬರಿಯ ಹಸ್ತಪ್ರತಿಯಿದೆಯೆಂದೂ, ಲೇಖಕರ ಹೊಣೆಯ ಮೇಲೆಯೇ ಅಚ್ಚು ಮಾಡಿಸುವುದಾದರೆ ಖರ್ಚೆಷ್ಟಾದೀತೆಂದೂ ಅವರು ವಿಚಾರಿಸಿದ್ದರು. ಮರುಟಪಾಲಿಗೇ ನಿರಾಕರಣೆ ಬಂತು. ಕ್ಯಾಡೆಲ್ ಮಹಾಶಯನು ಒಂದು ಹಾಳೆಯನ್ನಾದರೂ ತರಿಸಿ ನೋಡಲಿಲ್ಲ. ಅದನ್ನು ಬರೆದವಳು ಪಾದ್ರಿಯವರ ಕಿರಿಯ ಮಗಳು, ಇಪ್ಪತ್ತೊಂದು ವರ್ಷದ ಜೇನ್.

ಆ ಹಸ್ತಪ್ರತಿಯ ಹೆಸರು ‘ಫಸ್ಟ್ ಇಂಪ್ರೆಷನ್ಸ್’. ಇಂದು ಲೋಕವು ಅದನ್ನು ‘ಪ್ರೈಡ್ ಅಂಡ್ ಪ್ರೆಜುಡಿಸ್’ ಎಂದು ಬಲ್ಲುದು. ಈ ಎರಡು ಹೆಸರುಗಳ ನಡುವೆ ಹದಿನೈದು ವರ್ಷಗಳು ಕಳೆದವು. ಕ್ಯಾಡೆಲನು ಆಗಲೇ ಅಚ್ಚು ಹಾಕಿದ್ದರೆ ನಾವಿಂದು ಓದುವ ಪುಸ್ತಕ ನಮಗೆ ದೊರೆಯುತ್ತಿರಲಿಲ್ಲವೆಂದೇ ನಮ್ಮ ಎಣಿಕೆ.

ನಮ್ಮ ಸಂಚಿಕೆಗೆ ಕೊಟ್ಟ ಲೇಖನವು ಕೆಂಪು ಮಸಿಯ ಗೆರೆಗಳೊಡನೆ ಹಿಂದಿರುಗಿದಾಗ ನಮ್ಮಲ್ಲಿ ಮುಖ ಸಪ್ಪಗಾಗದವರು ವಿರಳ. ಜೇನ್ ಮಾಡಿದ್ದೇನು? ಅದೇ ನವೆಂಬರಿನಲ್ಲಿ ತನ್ನ ಇನ್ನೊಂದು ಹಳೆಯ ಬರಹವನ್ನು ಹೊರತೆಗೆದು ಮೊದಲಿನಿಂದ ಬರೆಯತೊಡಗಿದಳು. ಅಕ್ಕತಂಗಿಯರಿಬ್ಬರ ಆ ಕಥೆ ಮೊದಲು ಪತ್ರಗಳ ರೂಪದಲ್ಲಿತ್ತೆಂದು ಮನೆಯವರು ನೆನೆದಿದ್ದಾರೆ. ಅಂದಿನ ಕಾದಂಬರಿಗಳಲ್ಲಿ ಆ ಪದ್ಧತಿ ಬಹಳ ರೂಢಿಯಲ್ಲಿತ್ತು. ಆದರೆ ಈಗಿನ ಪುಸ್ತಕದಲ್ಲಿ ಆ ಸೋದರಿಯರು ಹೆಚ್ಚುಕಡಿಮೆ ಸದಾ ಒಂದೇ ಸೂರಿನಡಿ ಇರುವವರು. ಒಬ್ಬರಿಗೊಬ್ಬರು ಪತ್ರ ಬರೆಯುವುದಾದರೂ ಏತಕ್ಕೆ? ಪತ್ರಗಳನ್ನು ಕಳಚಿ ಕಥೆಯನ್ನು ನೇರವಾಗಿ ಹೇಳಬೇಕಾದರೆ ಅಲ್ಲಲ್ಲಿ ಪದ ಬದಲಿಸಿದರೆ ಸಾಲದು, ಇಡೀ ಕಟ್ಟಡವನ್ನೇ ಇಳಿಸಿ ಕಟ್ಟಬೇಕು. ಅದೇ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’.

ಮುಂದಿನ ದಿನಗಳು ಸುಖದವಲ್ಲ. 1803ರಲ್ಲಿ ಮೂರನೆಯ ಕಾದಂಬರಿಯನ್ನು ಬೇರೊಬ್ಬ ಪ್ರಕಾಶಕನು 10 ಪೌಂಡಿಗೆ ಕೊಂಡು, ಅಚ್ಚು ಹಾಕದೆ ಇಟ್ಟುಕೊಂಡನು. 1805ರಲ್ಲಿ ತಂದೆ ತೀರಿಕೊಂಡರು. ತಾಯಿ, ಅಕ್ಕ ಕಸ್ಸಾಂಡ್ರಾ ಮತ್ತು ಜೇನ್ ಊರಿಂದೂರಿಗೆ ಅಲೆದು, 1809ರಲ್ಲಿ ಚಾಟನ್ ಎಂಬ ಹಳ್ಳಿಯಲ್ಲಿ ಸೋದರನು ಕೊಟ್ಟ ಮನೆಯಲ್ಲಿ ನೆಲೆಸಿದರು. ಹಳೆಯ ಹಾಳೆಗಳು ಅಲ್ಲಿ ಮತ್ತೆ ಮೇಜಿಗೆ ಬಂದವು.

1811ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ಅಣ್ಣ ಹೆನ್ರಿಯ ಮನೆಯಲ್ಲಿದ್ದು ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯ ಕರಡಚ್ಚು ತಿದ್ದುತ್ತಿದ್ದಾಗ, ತಾಯಿಯು ಮೊಲೆಗೂಸನ್ನು ಮರೆಯಲಾರದಂತೆ ತಾನು ಇದನ್ನು ಮರೆಯಲಾರೆನೆಂದು ಅಕ್ಕನಿಗೆ ಬರೆದಳು. ಪುಸ್ತಕ ಹೊರಬಿದ್ದುದು ಆ ವರ್ಷದ ಅಕ್ಟೋಬರ್ ಕೊನೆಗೆ, ಆಕೆಯ ಸ್ವಂತ ಹೊಣೆಯ ಮೇಲೆ. ಮುಖಪುಟದಲ್ಲಿ ಆಕೆಯ ಹೆಸರಿಲ್ಲ. ಒಬ್ಬ ಮಹಿಳೆ ಬರೆದುದೆಂದು ಮಾತ್ರ ಇತ್ತು. ನಷ್ಟವಾದೀತೆಂದು ಹಣ ತೆಗೆದಿರಿಸಿದ್ದವಳಿಗೆ 140 ಪೌಂಡು ಲಾಭ ಬಂತು.

‘ಫಸ್ಟ್ ಇಂಪ್ರೆಷನ್ಸ್’ಗೆ ಆಕೆ ಪ್ರಯೋಗಿಸಿದ್ದು ಕತ್ತರಿ. ಕೊಂಬೆ ಸವರುವ ತೋಟಗಾರನಂತೆ ಚೆನ್ನಾಗಿ ಕತ್ತರಿಸಿದ್ದರಿಂದ ಅದು ಮೊದಲನೆಯದಕ್ಕಿಂತ ಚಿಕ್ಕದಾಗಿರಬೇಕೆಂದು ತಾನೇ ಅಂದುಕೊಂಡಳು. 1813ರ ಜನವರಿಯಲ್ಲಿ ಅಚ್ಚಾದ ಪ್ರತಿ ಕೈಸೇರಿದಾಗಲೂ ತಿದ್ದುವ ಕಣ್ಣು ಮುಚ್ಚಲಿಲ್ಲ. ಮೂರನೆಯ ಸಂಪುಟದಲ್ಲಿ ಇಬ್ಬರ ಮಾತುಗಳು ಒಂದೇ ಮಾತಾಗಿ ಅಚ್ಚಾಗಿದ್ದುದನ್ನು ಹಿಡಿದಳು. ಕೆಲವೆಡೆ ಮಾತನಾಡಿದವರು ಯಾರೆಂದು ಸೂಚಿಸಿದ್ದರೆ ಸಂಭಾಷಣೆ ಸ್ಪಷ್ಟವಾಗುತ್ತಿತ್ತೆಂದೂ ಆಕೆಗೆ ಅನಿಸಿತು. ಆದರೆ ಅಷ್ಟನ್ನು ಊಹಿಸಲಾರದ ಮಂದಮತಿಗಳಿಗಾಗಿ ತಾನು ಬರೆಯುವವಳಲ್ಲವೆಂದು ನಕ್ಕಳು.

ಈ ಎರಡು ಕಾದಂಬರಿಗಳ ಹಸ್ತಪ್ರತಿಗಳು ಉಳಿದಿಲ್ಲ. ಆಕೆ ಅರ್ಧಕ್ಕೆ ಬಿಟ್ಟ ‘ದಿ ವಾಟ್ಸನ್ಸ್’ ಕಥೆಯ ಬಹುಭಾಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರ ಹಾಳೆಗಳು ಅಂಗೈಯಗಲದವು. ಅಂಚು ಬಿಡದೆ ಬರೆದದ್ದು. ಹೊಸ ಮಾತು ಸೇರಿಸಲು ಜಾಗವಿಲ್ಲದ ಕಡೆ ಚೂರು ಕಾಗದದಲ್ಲಿ ಬರೆದು, ಹೊಲಿಗೆಯವರು ತೇಪೆ ಹಾಕುವಂತೆ ಗುಂಡುಸೂಜಿಯಿಂದ ಚುಚ್ಚಿದ್ದಳು.

1816ರ ಜುಲೈನಲ್ಲಿ ‘ಪರ್ಸುಏಷನ್’ ಮುಗಿಸಿದಾಗ ಆಕೆಗೆ ಆರೋಗ್ಯವಿರಲಿಲ್ಲ. ಆದರೂ ಕೊನೆಯ ಭಾಗ ಸಪ್ಪೆಯೆನಿಸಿ, ಒಂದು ಅಧ್ಯಾಯವನ್ನು ತೆಗೆದುಹಾಕಿ ಅದರ ಸ್ಥಳದಲ್ಲಿ ಎರಡನ್ನು ಬರೆದಳು. ಮರುವರ್ಷದ ಜುಲೈ 18ರಂದು, ನಾಲ್ವತ್ತೊಂದನೆಯ ವಯಸ್ಸಿನಲ್ಲಿ, ವಿಂಚೆಸ್ಟರಿನಲ್ಲಿ ತೀರಿಕೊಂಡಳು. ‘ಪರ್ಸುಏಷನ್’ ಅಚ್ಚಾದುದು ಆ ಬಳಿಕ, ಡಿಸೆಂಬರಿನಲ್ಲಿ. ತೆಗೆದುಹಾಕಿದ ಆ ಹಾಳೆಗಳು ಆಕೆಯ ಕಾಟುಗೆರೆಗಳೊಡನೆ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ.