ಬಸವಣ್ಣ ನಡೆದ ದೂರ, ನಾವು ಸರಿದ ಜಾಗ

ನಮ್ಮೂರು ಹುಮನಾಬಾದ್. ಪಾಠ ಮಾಡೋದು ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ, ವಿಜ್ಞಾನ. ದಿನಾ ಬೆಳಗ್ಗೆ ಹತ್ತುವ ಬಸ್ಸು ಹೈದರಾಬಾದ್–ಪುಣೆ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿ, ಸಸ್ತಾಪುರ ಬಂಗ್ಲಾ ಹತ್ತಿರ ಹೊರಳಿ ಊರು ಸೇರುತ್ತದೆ. ರಸ್ತೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ 30 ಕಿ.ಮೀ. ನಕ್ಷೆಯ ಮೇಲೆ ಎರಡೂ ಊರಿನ ನಡುವೆ ನೇರ ಗೆರೆ ಎಳೆದರೆ 22 ಕಿ.ಮೀ. ಆಸುಪಾಸು, ವಾಯವ್ಯ ದಿಕ್ಕಿಗೆ. ಮೊದಲನೆಯದು ಚಲಿಸಿದ ದೂರ, ಎರಡನೆಯದು ಸ್ಥಾನಪಲ್ಲಟ. ಒಂಬತ್ತನೇ ತರಗತಿಯ ಚಲನೆ ಪಾಠದ ಬುನಾದಿ ಇಷ್ಟೇ. ದೂರಕ್ಕೆ ಬರೀ ಅಳತೆ ಸಾಕು. ಸ್ಥಾನಪಲ್ಲಟಕ್ಕೆ ಅಳತೆಯ ಜೊತೆ ದಿಕ್ಕೂ ಬೇಕು. ಹೊರಟ ಜಾಗ ಯಾವುದು, ಮುಟ್ಟಿದ ಜಾಗ ಯಾವುದು, ಅಷ್ಟನ್ನೇ ಅದು ಕೇಳುತ್ತೆ. ನಡುವಿನ ದಾರಿ ಅದಕ್ಕೆ ಲೆಕ್ಕಕ್ಕಿಲ್ಲ.

ಸಂಜೆ ಅದೇ ದಾರಿಯಲ್ಲಿ ವಾಪಸ್ ಬಂದರೆ ನಾನು ಚಲಿಸಿದ ದೂರ 60 ಕಿ.ಮೀ., ಸ್ಥಾನಪಲ್ಲಟ ಸೊನ್ನೆ. ಶಕ್ತಿ ಯೋಜನೆ ಬಂದ ಮೇಲೆ ಕಂಡಕ್ಟರ್ ಕೊಡೋದೂ ಶೂನ್ಯ ಟಿಕೆಟ್ಟೇ ಅಂತ ಮಕ್ಕಳಿಗೆ ಹೇಳಿ ನಗಿಸ್ತೀನಿ.

ಈ ವರ್ಷ ಪುಸ್ತಕದಲ್ಲಿ ಇಲ್ಲದ ಒಂದು ಪಯಣ ಹುಡುಕಿ, ದೂರ ಮತ್ತು ಸ್ಥಾನಪಲ್ಲಟ ಲೆಕ್ಕ ಹಾಕಿಕೊಂಡು ಬನ್ನಿ ಅಂತ ಮಕ್ಕಳಿಗೆ ಹೇಳಿದ್ದೆ. ಹೆಚ್ಚಿನವರು ಜಾತ್ರೆಗೆ ಹೋಗಿ ಬಂದದ್ದು, ಹೊಲಕ್ಕೆ ಹೋಗಿ ಬಂದದ್ದು ಬರೆದರು. ಒಬ್ಬ ಹುಡುಗಿ ಬಸವಣ್ಣನ ಪಯಣ ಬರೆದಿದ್ದಳು. ಕೂಡಲಸಂಗಮದಿಂದ ಮಂಗಳವೇಢೆ, ಅಲ್ಲಿಂದ ಕಲ್ಯಾಣ, ಕಲ್ಯಾಣದಿಂದ ಮತ್ತೆ ಕೂಡಲಸಂಗಮ. ಸ್ಥಾನಪಲ್ಲಟ ಸೊನ್ನೆ. ಹಾಗಾದ್ರೆ ವಿಜ್ಞಾನದ ಪ್ರಕಾರ ಬಸವಣ್ಣ ಎಲ್ಲಿಗೂ ಹೋಗಲೇ ಇಲ್ಲವಾ ಮೇಡಂ ಅಂತ ಕೇಳಿದಳು. ಕ್ಲಾಸು ನಕ್ಕಿತು. ಅವಳು ನಗಲಿಲ್ಲ. ನಾಳೆ ಹೇಳ್ತೀನಿ ಅಂದು ತಪ್ಪಿಸಿಕೊಂಡೆ. ಆ ರಾತ್ರಿ ನಕ್ಷೆ ಹರಡಿಕೊಂಡು ಕೂತಾಗ ಸಿಕ್ಕಿದ್ದನ್ನು ಇಲ್ಲಿ ಬರೀತಿದ್ದೀನಿ.

ಯಾವ ಚಲನೆಯನ್ನೇ ಆಗಲಿ ಅಳೆಯುವ ಮೊದಲು ಒಂದು ಮೂಲಬಿಂದು ಬೇಕು. ಬಸವಣ್ಣನ ಮೂಲಬಿಂದು ಕೂಡಲಸಂಗಮ ಅಲ್ಲ, ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿ. 12ನೇ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ಮಾದರಸ, ಮಾದಲಾಂಬಿಕೆಯರ ಮಗನಾಗಿ ಹುಟ್ಟಿದರು. ಹುಟ್ಟಿದ ವರ್ಷದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹುಟ್ಟಿದ್ದು ಬ್ರಾಹ್ಮಣ ಮನೆಯಲ್ಲಿ ಅಂತ ಪರಂಪರೆ ಹೇಳುತ್ತೆ. ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತನಗ್ಯಾಕೆ ಅಂತ ಬಾಲಕ ಬಸವ ಮುಂಜಿ ನಿರಾಕರಿಸಿದ ಕಥೆ ನಮ್ಮ ಕಡೆ ಮನೆಮನೆಯಲ್ಲೂ ಇದೆ. ಹರಿಹರನ ರಗಳೆಯಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ತಂದೆತಾಯಿ ತೀರಿಕೊಂಡ ಮೇಲೆ, ಹದಿನಾರರ ಹುಡುಗ ಜನಿವಾರ ಕಿತ್ತು ಹಾಕಿ ಸಂಗಮದ ದಾರಿ ಹಿಡಿಯುತ್ತಾನೆ. ಎರಡೂ ಕಥೆಯಲ್ಲಿ ಊರು ಬಿಡುವ ಮೊದಲು ಬಿಟ್ಟದ್ದು ಜಾತಿಯ ಗುರುತನ್ನ.

ಬಾಗೇವಾಡಿಯಿಂದ ಕೃಷ್ಣಾ, ಮಲಪ್ರಭಾ ಸೇರುವ ಕೂಡಲಸಂಗಮಕ್ಕೆ ನೇರ ಗೆರೆಯಲ್ಲಿ ಸುಮಾರು 40 ಕಿ.ಮೀ. ಓದು, ಧ್ಯಾನ, ಬೆಳವಣಿಗೆ ಎಲ್ಲಾ ಅಲ್ಲೇ. ಅಲ್ಲೇ ಉಳಿದಿದ್ದರೆ ಒಬ್ಬ ಒಳ್ಳೆ ಭಕ್ತ ಆಗ್ತಿದ್ದರು, ಅಷ್ಟೇ. ಆದರೆ ಅಲ್ಲಿಂದ ವಾಯವ್ಯಕ್ಕೆ ಸುಮಾರು 160 ಕಿ.ಮೀ. ಆಚೆಯ ಮಂಗಳವೇಢೆಗೆ ಹೊರಟರು. ಈಗ ಅದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಆಗ ಕಲಚುರಿ ಬಿಜ್ಜಳನ ನೆಲೆ. ಅಲ್ಲಿ ಲೆಕ್ಕ ಬರೆಯುವ ಕರಣಿಕರಾಗಿ ಸೇರಿದರು, ಗಂಗಾಂಬಿಕೆ ಮತ್ತು ನೀಲಾಂಬಿಕೆಯರ ಜೊತೆ ಸಂಸಾರ ಹೂಡಿದರು. ಲೋಕ ಬಿಟ್ಟು ಓಡಿದ ಸಂತರಲ್ಲ ಅವರು, ಸರ್ಕಾರಿ ನೌಕರಿ ಮಾಡುತ್ತಲೇ ಲೋಕ ಬದಲಿಸಲು ಹೊರಟವರು.

ಚಾಲುಕ್ಯರ ಸಾಮಂತನಾಗಿದ್ದ ಬಿಜ್ಜಳ ಕೊನೆಗೆ ಅವರ ಸಿಂಹಾಸನವನ್ನೇ ಹಿಡಿದ. ಬಸವಣ್ಣ ಪೂರ್ವಕ್ಕೆ ಇನ್ನೂ 165 ಕಿ.ಮೀ. ಸರಿದು ಕಲ್ಯಾಣಕ್ಕೆ ಬಂದರು. ಭಂಡಾರಿಯಾದರು, ಅಂದರೆ ಬೊಕ್ಕಸದ ಹೊಣೆ. ಇವತ್ತು ಬಸವಕಲ್ಯಾಣದಲ್ಲಿ ಬಂದವರ ಓಣಿ ಅಂತ ಒಂದು ಜಾಗ ಇದೆ. ದೂರದಿಂದ ಬಂದ ಶರಣರನ್ನು ಬರಮಾಡಿಕೊಂಡ ಓಣಿ ಅಂತ ಊರವರ ನಂಬಿಕೆ. ಬಳ್ಳಿಗಾವೆಯಿಂದ ಅಲ್ಲಮ ಬಂದರು, ಉಡುತಡಿಯಿಂದ ಅಕ್ಕಮಹಾದೇವಿ ಬಂದರು. ಮೋಳಿಗೆ ಮಾರಯ್ಯ ಕಾಶ್ಮೀರದಿಂದ ಬಂದವರು ಅಂತ ಪರಂಪರೆ ಹೇಳುತ್ತೆ. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಚರ್ಮ ಹದ ಮಾಡುವ ಕಕ್ಕಯ್ಯ, ಅಕ್ಕಿ ಆಯುವ ಮಾರಯ್ಯ ಮತ್ತು ಲಕ್ಕಮ್ಮ ಎಲ್ಲರೂ ಅನುಭವ ಮಂಟಪದಲ್ಲಿ ಒಟ್ಟಿಗೆ ಕೂತರು. ಭೂಪಟದ ಮೇಲೆ ಇವರನ್ನೆಲ್ಲ ಬಾಣದ ಗುರುತಿನಿಂದ ತೋರಿಸಿದರೆ ಎಲ್ಲಾ ಬಾಣಗಳೂ ಒಂದೇ ಬಿಂದುವಿಗೆ ಬಂದು ಮುಟ್ತವೆ.

ನನಗೆ ಅನಿಸೋದು, ಬಸವಣ್ಣನ ಅತಿ ದೊಡ್ಡ ಸ್ಥಾನಪಲ್ಲಟ ಈ ಯಾವ ಊರಿಂದೂರಿಗೂ ಆದದ್ದಲ್ಲ. ಅದು ಕಲ್ಯಾಣದ ಒಳಗೇ ಆದದ್ದು. ಅಸ್ಪೃಶ್ಯರಾಗಿದ್ದ ಶಿವನಾಗಿಮಯ್ಯನ ಮನೆಗೆ ಹೋದರು, ಅವರೊಡನೆ ಉಂಡರು ಅಂತ ಬಿಜ್ಜಳನ ಹತ್ತಿರ ದೂರು ಹೋಯಿತು ಎಂದು ಕಥೆಗಳು ಹೇಳ್ತವೆ. ಅರಮನೆಯಿಂದ ಆ ಕೇರಿಗೆ ಎಷ್ಟಿದ್ದೀತು? ಒಂದು ಕೋಟೆ ಊರಿನ ಒಳಗಿನ ನಡಿಗೆ, ಅಷ್ಟೇ. ಕೂಡಲಸಂಗಮದಿಂದ ಮಂಗಳವೇಢೆಗೆ ಹೋದಾಗ ಯಾರೂ ದೂರು ಕೊಡಲಿಲ್ಲ. ಈ ಪುಟ್ಟ ನಡಿಗೆಗೆ ಕೊಟ್ಟರು. ಯಾಕಂದ್ರೆ ಅದರ ದಿಕ್ಕು ಎಲ್ಲರಿಗೂ ಗೊತ್ತಾಯಿತು. ದೂರಕ್ಕೆ ದಿಕ್ಕಿಲ್ಲ, ಸ್ಥಾನಪಲ್ಲಟಕ್ಕೆ ಇದೆ. ಅಧಿಕಾರಕ್ಕೆ ಭಯ ಹುಟ್ಟಿಸೋದು ಆ ದಿಕ್ಕೇ.

ಆ ದಿಕ್ಕಿನ ಮುಂದಿನ ಹೆಜ್ಜೆ ಒಂದು ಮದುವೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣರಾಗಿ ಹುಟ್ಟಿದ ಮಧುವರಸನ ಮಗಳಿಗೂ ಸಂಬಂಧ ಕೂಡಿತು. ಶರಣರಾದ ಮೇಲೆ ಇಬ್ಬರದೂ ಒಂದೇ ಕುಲ ಅನ್ನೋದು ಅವರ ತರ್ಕ. ಒಟ್ಟಿಗೆ ಕೂತು ಮಾತಾಡೋದನ್ನ, ಒಟ್ಟಿಗೆ ಉಣ್ಣೋದನ್ನ ಹೇಗೋ ಸಹಿಸಿಕೊಂಡಿದ್ದ ವ್ಯವಸ್ಥೆ ಇದನ್ನ ಸಹಿಸಲಿಲ್ಲ. ಹರಳಯ್ಯ, ಮಧುವರಸರನ್ನು ಕಣ್ಣು ಕೀಳಿಸಿ, ಆನೆ ಕಾಲಿಗೆ ಕಟ್ಟಿ ಎಳೆಸಿ ಕೊಂದರು ಎಂದು ಪರಂಪರೆ ನೆನಪಿಟ್ಟಿದೆ. 1167-68ರ ಆಸುಪಾಸು ಕಲ್ಯಾಣ ಹೊತ್ತಿ ಉರಿಯಿತು. ಬಿಜ್ಜಳನ ಕೊಲೆಯಾಯಿತು. ಬಂದಿದ್ದ ಬಾಣಗಳೆಲ್ಲ ಈಗ ಹೊರಕ್ಕೆ ತಿರುಗಿದವು. ಚನ್ನಬಸವಣ್ಣ ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಒಂದು ಗುಂಪಿನ ಜೊತೆ ನೈಋತ್ಯದ ಕಾಡಿನ ಉಳವಿ ಸೇರಿದರು. ನಕ್ಷೆಯಲ್ಲಿ ಅದೇ 400 ಕಿ.ಮೀ. ಗಂಗಾಂಬಿಕೆ ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯಲ್ಲಿ, ನೀಲಾಂಬಿಕೆ ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ಕೊನೆಯಾದರು. ಬಸವಣ್ಣ ಕಲ್ಯಾಣ ಬಿಟ್ಟು ಸುಮಾರು 210 ಕಿ.ಮೀ. ದಕ್ಷಿಣ–ನೈಋತ್ಯಕ್ಕೆ, ಶುರುವಾದಲ್ಲಿಗೇ ಬಂದರು. ಕೂಡಲಸಂಗಮದಲ್ಲಿ ಐಕ್ಯರಾದರು.

ಈಗ ಲೆಕ್ಕ ಮಾಡೋಣ. ನೇರ ಗೆರೆಗಳನ್ನೇ ಕೂಡಿಸಿದರೂ 40, 160, 165, 210, ಒಟ್ಟು 575 ಕಿ.ಮೀ. ದಾರಿ ಎಂದೂ ನೇರ ಇರಲ್ಲ, ಹಾಗಾಗಿ ನಿಜವಾದ ಪಯಣ ಇದಕ್ಕಿಂತ ಹೆಚ್ಚೇ ಇರಬೇಕು, ಕಡಿಮೆ ಆಗೋಕೆ ಸಾಧ್ಯವಿಲ್ಲ. ಹುಟ್ಟಿದ ಬಾಗೇವಾಡಿಯಿಂದ ಕೊನೆಯ ಕೂಡಲಸಂಗಮಕ್ಕೆ ಸ್ಥಾನಪಲ್ಲಟ ಬರೀ 40. ನನ್ನ ವಿದ್ಯಾರ್ಥಿನಿಯ ಹಾಗೆ ಸಂಗಮದಿಂದ ಸಂಗಮಕ್ಕೆ ಅಳೆದರೆ ಸೊನ್ನೆ. ಕಲ್ಯಾಣದ ಕ್ರಾಂತಿ ಸೋತಿತು ಅನ್ನೋರು ಮಾಡೋದೂ ಇದೇ ಲೆಕ್ಕ. ಮೊದಲ ಬಿಂದು, ಕೊನೆಯ ಬಿಂದು ನೋಡಿ ತೀರ್ಪು ಕೊಡ್ತಾರೆ. ಲೆಕ್ಕ ತಪ್ಪಿಲ್ಲ. ಅಳೆದ ನಕ್ಷೆ ಮಾತ್ರ ಬೇರೆ. ಜಾತಿಯ ಏಣಿಯನ್ನೇ ನಕ್ಷೆ ಮಾಡಿಕೊಂಡು ನೋಡಿದರೆ, ಅಗ್ರಹಾರದ ಮನೆಯಿಂದ ಹೊರಟ ಮನುಷ್ಯ ಕೇರಿಯ ಮನೆಯ ಊಟಕ್ಕೆ ಮುಟ್ಟಿದ್ದರು, ಅಲ್ಲಿಂದ ವಾಪಸ್ ಬರಲೇ ಇಲ್ಲ.

ಇಷ್ಟನ್ನು ಮರುದಿನ ಕ್ಲಾಸಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಅದೇ ಅಳತೆಪಟ್ಟಿ ನಮ್ಮ ಕಡೆ ತಿರುಗಿಸಿದಾಗ ಕಷ್ಟ ಆಯ್ತು.

ನಾವೂ ಬಹಳ ದೂರ ನಡೆದಿದ್ದೀವಿ ನೋಡ್ರಿ. ಬಸವಕಲ್ಯಾಣದಲ್ಲಿ 108 ಅಡಿ ಎತ್ತರದ ಪ್ರತಿಮೆ ಇದೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಪಕ್ಷ ಯಾವುದಿದ್ದರೂ ಹಾರ ಹಾಕ್ತದೆ. ಇದೆಲ್ಲ ದೂರದ ಲೆಕ್ಕ. ಹರಳಯ್ಯನ ಮನೆಯ ಮದುವೆಯನ್ನೇ ಮೂಲಬಿಂದು ಮಾಡಿಕೊಂಡರೆ, ಅಲ್ಲಿಂದ ಎಷ್ಟು ಸರಿದಿದ್ದೀವಿ?

ನಮ್ಮದು ಲಿಂಗಾಯತ ಮನೆ. ಮೂರು ವರ್ಷದ ಹಿಂದೆ ನನ್ನ ಕಾಕಾನ ಮಗಳು ದಲಿತ ಹುಡುಗನನ್ನು ಮದುವೆಯಾದಳು. ವಿಶೇಷ ವಿವಾಹ ಕಾಯ್ದೆಯಡಿ ಮೂರು ಜನ ಸಾಕ್ಷಿ ಬೇಕು. ಅಕ್ಕ, ನೀನು ಬಾ ಅಂತ ಕರೆದಳು. ಕಾಕಾ ಬಸವ ಜಯಂತಿಯ ಮೆರವಣಿಗೆಯಲ್ಲಿ ಮುಂದೆ ನಡೆಯುವವರು, ಪಡಸಾಲೆಯಲ್ಲಿ ಬಸವಣ್ಣನ ದೊಡ್ಡ ಫೋಟೋ ಇದೆ. ಮಗಳನ್ನು ಮಾತ್ರ ಹೊಸ್ತಿಲು ದಾಟಬೇಡ ಅಂದರು. ಅವರನ್ನು ಬೈಯೋದು ಸುಲಭ. ನಾನೂ ಹೋಗಲಿಲ್ಲ. ಅವತ್ತು ಎಂದಿನಂತೆ ಬಸ್ ಹತ್ತಿ ಶಾಲೆಗೆ ಹೋದೆ, ಸಂಜೆ ವಾಪಸ್ ಬಂದೆ. ದೂರ 60, ಸ್ಥಾನಪಲ್ಲಟ ಸೊನ್ನೆ. ವರ್ಷವರ್ಷವೂ ಮಕ್ಕಳಿಗೆ ಹೇಳುವ ಆ ಜೋಕು ನನ್ನ ಬಗ್ಗೆಯೇ ಆಗಿತ್ತು.

ಕಳೆದ ಭಾನುವಾರ ಅವಳ ಮನೆಗೆ ಹೋಗಿದ್ದೆ. ಹುಮನಾಬಾದಿನಲ್ಲೇ ಇದ್ದಾಳೆ, ನಮ್ಮ ಮನೆಯಿಂದ ಎರಡು ಕಿ.ಮೀ. ಕೂಡ ಇಲ್ಲ. ಮೊದಲು ಇಬ್ಬರಿಗೂ ಮಾತು ಬರಲಿಲ್ಲ. ಆಮೇಲೆ ಅವಳ ಅತ್ತೆ ರೊಟ್ಟಿ ಬಡಿದರು, ಉಂಡೆ. ವಾಪಸ್ ಬಂದು ಕಾಕಾಗೆ ಹೇಳಿದೆ. ಅವರು ಏನೂ ಅನ್ನದೆ ಎದ್ದು ಹೋದರು.

ಸೋಮವಾರ ಆ ಹುಡುಗಿಯ ನೋಟ್‌ಬುಕ್ ತಿದ್ದಿದೆ. ಸೊನ್ನೆಯ ಪಕ್ಕ ಸರಿ ಅಂತ ಗುರುತು ಹಾಕಿದೆ, ಯಾಕಂದ್ರೆ ಅವಳ ಲೆಕ್ಕ ಸರಿಯೇ ಇತ್ತು. ಅದರ ಕೆಳಗೆ, ಇದನ್ನು ಅಳೆದದ್ದು ಯಾವ ನಕ್ಷೆಯ ಮೇಲೆ ಅಂತ ಒಂದು ಪ್ರಶ್ನೆ ಬರೆದು ಕೊಟ್ಟಿದ್ದೀನಿ.